ಕಾಯಕವೂ ಕಳವಳವೂ

ದುಡಿಮೆಯಿಲ್ಲದ ಬಾಳನ್ನು ಶರಣಧರ್ಮವು ಎಂದೂ ಮೆಚ್ಚಲಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಅರಸನ ಭಂಡಾರವನ್ನು ನೋಡಿಕೊಳ್ಳುತ್ತಿದ್ದ ಬಸವಣ್ಣನವರೂ, ಬಟ್ಟೆ ಮಡಿ ಮಾಡುತ್ತಿದ್ದ ಮಾಚಯ್ಯನವರೂ, ಹಗ್ಗ ಹೊಸೆಯುತ್ತಿದ್ದ ಚಂದಯ್ಯನವರೂ, ದೋಣಿ ನಡೆಸುತ್ತಿದ್ದ ಚೌಡಯ್ಯನವರೂ ಅನುಭವಗೋಷ್ಠಿಯಲ್ಲಿ ಒಂದೇ ಸಾಲಿನಲ್ಲಿ ಕುಳಿತರು. ದುಡಿಮೆಯು ಇವರಿಗೆ ಹೊಟ್ಟೆ ಹೊರೆಯುವ ಉಪಾಯ ಮಾತ್ರವಾಗಿರಲಿಲ್ಲ; ಅದು ಶಿವಪೂಜೆಯ ಇನ್ನೊಂದು ರೂಪವಾಗಿತ್ತು. ಆದುದರಿಂದಲೇ ಇಂದಿನ ಗೃಹಸ್ಥನ ಸ್ಥಿತಿಯನ್ನು ನೋಡಿದಾಗ ಒಂದು ಪ್ರಶ್ನೆ ಏಳುತ್ತದೆ. ಕಾಯಕವು ಪೂಜೆಯೇ ಆಗಿದ್ದರೆ, ಕಾಯಕಕ್ಕೆ ಹೊರಟವನ ಎದೆ ನಡುಗುವುದೇಕೆ? ಪೂಜೆಯ ಕೋಣೆಗೆ ಹೋಗುವ ಭಕ್ತನು ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟು ಹೋಗುವುದಿಲ್ಲ. ಆದರೆ ಕಚೇರಿಯ ಮೆಟ್ಟಿಲನ್ನು ಏರುವಾಗ ಎಷ್ಟೋ ಮಂದಿಯ ಬಾಯಿ ಒಣಗುತ್ತದೆ, ಅಂಗೈ ಬೆವರುತ್ತದೆ. ಭಾನುವಾರದ ಸಂಜೆಯೇ ಸೋಮವಾರದ ಭಯವು ಅವರನ್ನು ಹಿಡಿದಿರುತ್ತದೆ.

ಈ ಕಳವಳವು ಕೆಲವರ ದೌರ್ಬಲ್ಯವೆಂದು ತಳ್ಳಿಹಾಕತಕ್ಕದ್ದಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ, 2022ರಿಂದ ಜಾರಿಗೆ ಬಂದ ರೋಗವರ್ಗೀಕರಣದ 11ನೆಯ ಆವೃತ್ತಿಯಲ್ಲಿ ‘ಬರ್ನ್‌ಔಟ್’ ಎಂಬ ಸ್ಥಿತಿಯ ವಿವರಣೆಯಿದೆ. ಒಳಗೊಳಗೇ ಉರಿದು ಬರಿದಾಗುವುದು ಎಂಬುದೇ ಆ ಮಾತಿನ ಭಾವ. ಸಂಸ್ಥೆಯು ಅದನ್ನು ರೋಗವೆಂದು ಕರೆದಿಲ್ಲ. ಕೆಲಸದ ಸ್ಥಳದ ಒತ್ತಡವನ್ನು ದೀರ್ಘಕಾಲ ಸರಿಯಾಗಿ ನಿಭಾಯಿಸದೆ ಹೋದುದರ ಪರಿಣಾಮವೆಂದು ಹೇಳಿದೆ. ಅದರ ಲಕ್ಷಣಗಳು ಮೂರು: ಶಕ್ತಿಯೆಲ್ಲ ಸೋರಿಹೋದಂತಹ ಬಳಲಿಕೆ, ಮಾಡುವ ಕೆಲಸದಿಂದ ಮನಸ್ಸು ದೂರ ಸರಿದು ಅದರ ಮೇಲೆಯೇ ಜಿಗುಪ್ಸೆ ಹುಟ್ಟುವುದು, ತನ್ನಿಂದ ಏನೂ ಆಗದೆಂಬ ಭಾವ. ಅದೇ ಸಂಸ್ಥೆಯು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೊಡನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಮಿಗಿಲಾದ ದುಡಿಮೆಯ ಕಾರಣದಿಂದ ಪಾರ್ಶ್ವವಾಯು ಮತ್ತು ಹೃದ್ರೋಗಗಳಿಗೆ 2016ರ ಒಂದೇ ವರ್ಷದಲ್ಲಿ ತುತ್ತಾದವರು ಸುಮಾರು 7 ಲಕ್ಷ 45 ಸಾವಿರ ಮಂದಿ. ಖಿನ್ನತೆ ಮತ್ತು ಆತಂಕಗಳಿಂದ ಪ್ರತಿವರ್ಷ ಜಗತ್ತಿನಲ್ಲಿ ಸುಮಾರು 1,200 ಕೋಟಿ ಕೆಲಸದ ದಿನಗಳು ನಷ್ಟವಾಗುತ್ತಿವೆಯೆಂದು 2022ರಲ್ಲಿ ಅವೇ ಸಂಸ್ಥೆಗಳು ಲೆಕ್ಕ ಹೇಳಿದವು. ಮನೆಯವರಿಗೆ ಈ ಅಂಕಿಗಳು ಬೇಕಾಗಿಲ್ಲ. ಊಟಕ್ಕೆ ಕುಳಿತ ಯಜಮಾನನು ತಟ್ಟೆಯ ಮುಂದಿದ್ದೂ ಅಲ್ಲಿ ಇಲ್ಲದಿರುವುದನ್ನು ಅವರು ದಿನವೂ ಕಾಣುತ್ತಿದ್ದಾರೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಮರೆಮಾಡಬಾರದು. ಕಾಯಕವನ್ನು ಕೈಲಾಸಕ್ಕೆ ಸರಿಗಟ್ಟಿದ ಶರಣರ ನುಡಿಯನ್ನು ಇಂದು ಎಷ್ಟೋ ಕಡೆ ಚಾವಟಿಯಂತೆ ಬೀಸಲಾಗುತ್ತಿದೆ. ಹೊತ್ತುಗೊತ್ತಿಲ್ಲದೆ ದುಡಿಸಿಕೊಳ್ಳುವ ಮೇಲಧಿಕಾರಿಯೂ ಅದನ್ನೇ ಹೇಳುತ್ತಾನೆ. ಮೈ ಸೋತರೂ ನಿಲ್ಲಲರಿಯದ ನೌಕರನೂ ತನಗೆ ತಾನೇ ಅದನ್ನೇ ಹೇಳಿಕೊಳ್ಳುತ್ತಾನೆ. ದಣಿವಿಲ್ಲದ ದುಡಿಮೆಯೇ ಭಕ್ತಿ, ಹೆಚ್ಚು ದುಡಿದಷ್ಟೂ ಕೈಲಾಸ ಹತ್ತಿರ ಎಂಬ ಅರ್ಥವನ್ನು ಆ ನುಡಿಗೆ ಅಂಟಿಸಲಾಗಿದೆ. ಇದು ಶರಣರ ಅರ್ಥವಲ್ಲ. ಆ ನುಡಿಯು ಯಾವ ದಂಪತಿಗಳ ಬಾಳಿನಲ್ಲಿ ಮೂಡಿತೋ ಆ ಬಾಳಿನ ಕಥೆಯೇ ಇದಕ್ಕೆ ಸಾಕ್ಷಿ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇವರು ರಾಯಚೂರು ಸೀಮೆಯ ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದವರು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು, ಅದರಿಂದ ಜಂಗಮದಾಸೋಹ ನಡೆಸಿ, ಉಳಿದುದನ್ನು ಪ್ರಸಾದವೆಂದು ಸ್ವೀಕರಿಸುವುದು ಅವರ ನೇಮ. ಒಂದು ದಿನ ಮಾರಯ್ಯನವರು ಗೋಷ್ಠಿಯ ಮಾತಿನಲ್ಲಿ ಮೈಮರೆತು ಕುಳಿತುಬಿಟ್ಟರು. ಕಾಯಕವು ನಿಂತುಹೋಯಿತೆಂದು ಲಕ್ಕಮ್ಮನವರು ಎಚ್ಚರಿಸಿದರು. ಅವರು ಲಗುಬಗೆಯಿಂದ ಹೋಗಿ, ಎಂದಿಗಿಂತ ಹೆಚ್ಚಿನ ಅಕ್ಕಿಯನ್ನು ತಂದರು. ಲೋಕದ ಹೆಂಡತಿಯಾಗಿದ್ದರೆ ಸಂತೋಷಪಡುತ್ತಿದ್ದಳು. ಲಕ್ಕಮ್ಮನವರು ಮೊರವನ್ನು ನೋಡಿ, ಈ ಹೆಚ್ಚಿನದು ಯಾರ ಮನಸ್ಸಿನಿಂದ ಬಂದದ್ದು ಎಂದು ವಿಚಾರಿಸಿದರು. ನಿತ್ಯದ ಅಳತೆಯನ್ನು ಮೀರಿದುದು ತಮ್ಮದಲ್ಲವೆಂದರು. ಅದನ್ನು ತಂದಲ್ಲಿಯೇ ಸುರಿದು ಬರಲು ಹೇಳಿದರು. ಮಾರಯ್ಯನವರು ಹಾಗೆಯೇ ಮಾಡಿದರು.

ಈ ಕಥೆಯನ್ನು ನಿರಾಸೆಯ, ನಿರ್ಲೋಭದ ಪಾಠವೆಂದು ಹೇಳುವುದು ರೂಢಿ. ಅದು ನಿಜವೇ. ಆದರೆ ಇದರೊಳಗೆ ಇನ್ನೂ ಎರಡು ತಿರುಳುಗಳಿವೆ. ಕೆಲಸ ನಿಂತಾಗ ನಡೆ ಎಂದವರು ಯಾರೋ, ಕೆಲಸ ಮಿತಿಮೀರಿದಾಗ ಸಾಕು ಎಂದವರೂ ಅವರೇ. ಕಾಯಕಕ್ಕೆ ಸೋಮಾರಿತನವು ಎಷ್ಟು ಹೊರಗೋ ಅತಿರೇಕವೂ ಅಷ್ಟೇ ಹೊರಗು. ಇದು ಮೊದಲನೆಯದು. ಮಾರಯ್ಯನವರಂತಹ ಶರಣರಿಗೂ ತಮ್ಮ ಮೊರದಲ್ಲಿದ್ದ ಹೆಚ್ಚಿನದು ತಾವಾಗಿಯೇ ಕಾಣಲಿಲ್ಲ. ತೋರಿಸುವ ಇನ್ನೊಂದು ಕಣ್ಣು ಬೇಕಾಯಿತು. ಇದು ಎರಡನೆಯದು.

ಇಂದಿನ ದುಡಿಮೆಗಾರನೂ ಸಂಜೆ ಮನೆಗೆ ಮರಳುವಾಗ ಹೆಚ್ಚಿನದನ್ನು ಹೊತ್ತು ತರುತ್ತಾನೆ. ಅದು ಅಕ್ಕಿಯಲ್ಲ. ನಾಳೆಯ ಸಭೆಯಲ್ಲಿ ಯಾರು ಏನನ್ನುವರೋ ಎಂಬ ಅಂಜಿಕೆ, ಜೊತೆಯವನಿಗೆ ಬಡ್ತಿ ಸಿಕ್ಕಿತೆಂಬ ಕುದಿ, ತಾನಿಲ್ಲದಿದ್ದರೆ ಕಚೇರಿಯೇ ನಡೆಯದೆಂಬ ಹಮ್ಮು, ತನ್ನನ್ನು ತೆಗೆದುಹಾಕುವರೇನೋ ಎಂಬ ದಿಗಿಲು. ಹಮ್ಮೂ ದಿಗಿಲೂ ಒಂದೇ ಮೊರದಲ್ಲಿ ಬೆರೆತಿರುತ್ತವೆ. ಎಂಟು ಗಂಟೆಯ ಕೆಲಸವು ಮೈಯನ್ನು ದಣಿಸುತ್ತದೆ. ಆ ದಣಿವು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ಇಳಿಯದೆ ಉಳಿಯುವುದು ಈ ಹೆಚ್ಚಿನ ಹೊರೆ.

ಈ ಹೊರೆಯನ್ನು ಗುರುತಿಸಿ ಇಳಿಸಲು ನೆರವಾಗುವ ಒಂದು ವೃತ್ತಿಯು ಈಚಿನ ದಶಕಗಳಲ್ಲಿ ಬೆಳೆದುಬಂದಿದೆ. ಅದನ್ನು ‘ಕೋಚಿಂಗ್’ ಎನ್ನುತ್ತಾರೆ. ಪರೀಕ್ಷೆಗೆ ಪಾಠ ಹೇಳುವ ಕೋಚಿಂಗ್ ಬೇರೆ. ಇದು ಒಬ್ಬರೊಡನೆ ಒಬ್ಬರು ಎದುರುಬದುರು ಕುಳಿತು ನಡೆಸುವ ವಿಚಾರ. ಕೋಚ್ ಎಂಬ ಶಬ್ದವು ಹಂಗೇರಿ ದೇಶದ ಅದೇ ಹೆಸರಿನ ಹಳ್ಳಿಯಿಂದ ಬಂದದ್ದು. ಅಲ್ಲಿ ಒಳ್ಳೆಯ ಗಾಡಿಗಳು ತಯಾರಾಗುತ್ತಿದ್ದುದರಿಂದ ಗಾಡಿಗೇ ಆ ಹೆಸರಾಯಿತು. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ಪರೀಕ್ಷೆಯನ್ನು ದಾಟಿಸುವ ಉಪಾಧ್ಯಾಯನನ್ನು ವಿನೋದವಾಗಿ ಆ ಹೆಸರಿನಿಂದ ಕರೆದರು. ಅನಂತರ ಅದು ಆಟದ ಮೈದಾನಕ್ಕೆ ನಡೆಯಿತು. 1974ರಲ್ಲಿ ಅಮೆರಿಕದ ಟೆನಿಸ್ ಶಿಕ್ಷಕ ಟಿಮೊಥಿ ಗಾಲ್ವೆ ಎಂಬವರು ಒಂದು ಗ್ರಂಥ ಬರೆದು, ಆಟಗಾರನ ತಲೆಯೊಳಗಿನ ಎದುರಾಳಿಯು ಬಲೆಯಾಚೆಯ ಎದುರಾಳಿಗಿಂತ ಪ್ರಬಲನೆಂದು ತೋರಿಸಿದರು. ಮೋಟಾರು ಪಂದ್ಯಗಳ ಆಟಗಾರರಾಗಿದ್ದ ಇಂಗ್ಲೆಂಡಿನ ಜಾನ್ ವಿಟ್‌ಮೋರ್ ಎಂಬವರು 1992ರಲ್ಲಿ ಪ್ರಕಟಿಸಿದ ಗ್ರಂಥದ ಮೂಲಕ ಈ ವಿಚಾರವು ಕಚೇರಿ ಕಾರ್ಖಾನೆಗಳಲ್ಲಿ ಪ್ರಚಾರಕ್ಕೆ ಬಂದಿತು. ಅವರ ಕ್ರಮದಲ್ಲಿ ಮೆಟ್ಟಿಲು ನಾಲ್ಕು: ಸೇರಬೇಕಾದ ಗುರಿ ಯಾವುದು, ಈಗ ಇರುವ ಸ್ಥಿತಿ ಯಾವುದು, ಇರುವ ದಾರಿಗಳು ಯಾವುವು, ಅವುಗಳಲ್ಲಿ ಯಾವುದನ್ನು ನಡೆಯಲು ಸಂಕಲ್ಪಮಾಡಿದ್ದೀರಿ. ಇಲ್ಲಿ ಮಾರ್ಗದರ್ಶಕನು ಉಪದೇಶಿಸುವುದಿಲ್ಲ. ಪ್ರಶ್ನಿಸುತ್ತಾನೆ, ತಾಳ್ಮೆಯಿಂದ ಕೇಳುತ್ತಾನೆ, ಕೇಳಿದುದನ್ನು ಗೋಪ್ಯವಾಗಿ ಇಡುತ್ತಾನೆ. ಉತ್ತರವು ಕೇಳಿಸಿಕೊಂಡವನಿಂದ ಬರುವುದಿಲ್ಲ, ಹೇಳಿದವನಿಂದಲೇ ಬರಬೇಕು.

ಹೆಸರು ಹೊಸದು, ಪ್ರಶ್ನೆಯಿಂದ ಎಚ್ಚರಿಸುವ ದಾರಿಯು ಶರಣರಿಗೆ ಹೊಸದಲ್ಲ. ಸೊನ್ನಲಿಗೆಯ, ಎಂದರೆ ಇಂದಿನ ಸೊಲ್ಲಾಪುರದ ಸಿದ್ಧರಾಮರು ಕೆರೆ ಕಟ್ಟಿಸಿದರು, ಗುಡಿಗಳನ್ನು ಎತ್ತಿಸಿದರು; ನೂರಾರು ಜನ ಅವರ ಮಾತಿನಂತೆ ದುಡಿಯುತ್ತಿದ್ದರು. ಅಲ್ಲಮಪ್ರಭುಗಳು ಅಲ್ಲಿಗೆ ಬಂದು, ಈ ಕಲ್ಲು ಮಣ್ಣಿನ ಒಡೆಯನೆಲ್ಲಿ ಎಂಬ ಧಾಟಿಯಲ್ಲಿ ಹಂಗಿಸಿ ಮಾತನಾಡಿದರೆಂದೂ, ದುಡಿಯುವವರು ಕೆರಳಿ ಅವರ ಮೇಲೆ ಕಲ್ಲು ಬೀರಿದರೆಂದೂ, ಸಿದ್ಧರಾಮರೇ ಬೆಂಕಿಯಂತೆ ಉರಿದು ಬಂದರೆಂದೂ ಶೂನ್ಯಸಂಪಾದನೆ ಹೇಳುತ್ತದೆ. ಲೋಕಹಿತದ ಕಾರ್ಯದಲ್ಲಿ ತೊಡಗಿದ ಮಹಾತ್ಮರಿಗೆ ಒಂದು ಮಾತಿನಿಂದ ಅಷ್ಟು ಸಿಟ್ಟೇಕೆ ಬಂದಿತು? ಕಾರ್ಯದೊಡನೆ ‘ನಾನು’ ಹೆಣೆದುಕೊಂಡಿತ್ತು; ಕೆರೆಯನ್ನು ಅಂದರೆ ತನ್ನನ್ನೇ ಅಂದಂತಾಗಿತ್ತು. ಪ್ರಭುಗಳು ಕೆರೆಯನ್ನು ಮುಚ್ಚಿಸಲಿಲ್ಲ. ಅವರು ಸಂವಾದದಿಂದ ಆ ಹೆಣಿಗೆಯನ್ನು ಬಿಡಿಸಿ, ಸಿದ್ಧರಾಮರನ್ನು ಕಲ್ಯಾಣದ ಗೋಷ್ಠಿಗೆ ಕರೆತಂದರು. ಸೊಲ್ಲಾಪುರದ ಕೆರೆಯಲ್ಲಿ ಇಂದಿಗೂ ನೀರಿದೆ. ಕೆಲಸವನ್ನು ಕೆಡಿಸದೆ ಕೆಲಸಗಾರನ ಉರಿಯನ್ನು ಆರಿಸುವುದು ಸಾಧ್ಯವೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ.

ಇಂದಿನ ಕಾಲದಲ್ಲಿ ಇದು ಹೇಗೆ ನಡೆದೀತೆಂಬುದಕ್ಕೆ ಒಬ್ಬ ಗೃಹಸ್ಥನನ್ನು ಕಲ್ಪಿಸಿಕೊಳ್ಳಬಹುದು. ತಾಲ್ಲೂಕು ಪಟ್ಟಣದ ಬ್ಯಾಂಕಿನ ಶಾಖೆಗೆ ಅವನು ಮ್ಯಾನೇಜರು. ಠೇವಣಿಗೊಂದು ಗುರಿ, ಸಾಲ ವಸೂಲಿಗೊಂದು ಗುರಿ. ನಾಲ್ವರು ಮಾಡುವ ಕೆಲಸಕ್ಕೆ ಇಬ್ಬರೇ ಗುಮಾಸ್ತರು. ರಾತ್ರಿ ಹತ್ತಾದರೂ ಮೇಲಿನ ಕಚೇರಿಯಿಂದ ವಾಟ್ಸಾಪಿನಲ್ಲಿ ಬರುವ ತಾಕೀತುಗಳು. ಮೂರು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಕೈಯಲ್ಲಿ ಇಷ್ಟಲಿಂಗವಿದೆ, ಕಣ್ಣು ಮೊಬೈಲಿನ ಕಡೆಗಿದೆ. ಮಗಳು ಏನೋ ಹೇಳಬಂದರೆ ರೇಗುತ್ತಾನೆ. ರೇಗಿದ ಮೇಲೆ ನೊಂದುಕೊಳ್ಳುತ್ತಾನೆ. ರಾಜೀನಾಮೆಯ ಕಾಗದವನ್ನು ಎರಡು ಬಾರಿ ಬರೆದು ಹರಿದಿದ್ದಾನೆ. ಮನೆಯಾಕೆಯ ಒತ್ತಾಯದಿಂದ ಈ ವಿದ್ಯೆಯಲ್ಲಿ ಪಳಗಿದ ಹಿರಿಯರೊಬ್ಬರ ಬಳಿಗೆ ಹೋಗುತ್ತಾನೆ.

ಹಿರಿಯರು ಮೊದಲು ಕೇಳುವುದು ಇಷ್ಟೇ: “ರಾತ್ರಿ ಎಚ್ಚರವಾದಾಗ ಮೊದಲು ತಮ್ಮ ಕಣ್ಣಿಗೆ ಕಟ್ಟುವುದೇನು, ಸಾಹೇಬರೇ?”

“ಮಾರ್ಚಿ 31ನೆಯ ತಾರೀಕು, ಗುರುಗಳೇ.”

“ಇಂದು ಯಾವ ತಾರೀಕು?”

“ಅಕ್ಟೋಬರ್ 12.”

ಹಿರಿಯರು ನಗುವುದಿಲ್ಲ, ಬುದ್ಧಿ ಹೇಳುವುದೂ ಇಲ್ಲ. ಮನಸ್ಸನ್ನು ಒತ್ತುತ್ತಿರುವುದನ್ನೆಲ್ಲ ಒಂದು ಹಾಳೆಯ ಮೇಲೆ ಮೂರು ಸಾಲುಗಳಲ್ಲಿ ಬರೆಯಲು ಹೇಳುತ್ತಾರೆ: ಇಂದು ತನ್ನ ಕೈಯಿಂದ ಆಗಬೇಕಾದದ್ದು, ಬೇರೆಯವರ ಕೈಯಲ್ಲಿರುವುದು, ಇನ್ನೂ ಸಂಭವಿಸಿಯೇ ಇಲ್ಲದಿರುವುದು. ಬರೆದು ಮುಗಿಸಿದಾಗ ಮೊದಲನೆಯ ಸಾಲಿನಲ್ಲಿ ಐದು, ಉಳಿದ ಎರಡರಲ್ಲಿ ಇಪ್ಪತ್ತಕ್ಕೂ ಮಿಗಿಲು. ಲಕ್ಕಮ್ಮನವರು ಮೊರವನ್ನು ನೋಡಿದ ಕೆಲಸವನ್ನು ಈಗ ಅವನೇ ಮಾಡಿದಂತಾಯಿತು. “ಈ ಐದರಲ್ಲಿ ಈ ವಾರ ಯಾವುದನ್ನು ಮಾಡುವಿರಿ?” ಎಂಬುದು ಹಿರಿಯರ ಎರಡನೆಯ ಪ್ರಶ್ನೆ. ಅವನು ತಾನಾಗಿಯೇ ಕೆಲವನ್ನು ಗೊತ್ತುಮಾಡಿಕೊಳ್ಳುತ್ತಾನೆ. ಸಿಬ್ಬಂದಿಯ ಕೊರತೆಯನ್ನು ಬಾಯಿಮಾತಿನಲ್ಲಿ ಗೊಣಗುವುದನ್ನು ಬಿಟ್ಟು, ಲೆಕ್ಕಸಹಿತವಾಗಿ ಮೇಲಿನ ಕಚೇರಿಗೆ ಬರೆಯುವುದು. ರಾತ್ರಿ ಒಂಬತ್ತರ ಮೇಲೆ ಮೊಬೈಲನ್ನು ಪಡಸಾಲೆಯಲ್ಲಿ ಇಟ್ಟು ಮಲಗುವ ಕೋಣೆಗೆ ಹೋಗುವುದು. ಬೆಳಿಗ್ಗೆ ಲಿಂಗಪೂಜೆ ಮುಗಿಯುವವರೆಗೆ ಅದನ್ನು ಮುಟ್ಟದಿರುವುದು. ಎದೆ ಬಡಿದುಕೊಳ್ಳತೊಡಗಿದಾಗ, ಉಸಿರನ್ನು ಎಳೆದುಕೊಂಡುದಕ್ಕಿಂತ ನಿಧಾನವಾಗಿ ಬಿಡುವುದು; ನಿಡಿದಾದ ನಿಶ್ವಾಸದಿಂದ ಹೃದಯದ ಬಡಿತವು ಇಳಿಯುವುದೆಂಬುದು ಶರೀರಶಾಸ್ತ್ರಕ್ಕೂ ಒಪ್ಪಿದ ಮಾತು. ಎರಡು ವಾರ ಬಿಟ್ಟು ಮತ್ತೆ ಭೇಟಿ. ಯಾವುದು ನಡೆಯಿತು, ಯಾವುದು ನಡೆಯಲಿಲ್ಲ ಎಂಬ ವಿಚಾರ. ನಡೆಯದಿದ್ದುದಕ್ಕೆ ಬೈಗುಳಿಲ್ಲ.

ನಾಲ್ಕೈದು ಭೇಟಿಗಳ ಅನಂತರವೂ ಬ್ಯಾಂಕಿನ ಗುರಿ ಕಡಮೆಯಾಗುವುದಿಲ್ಲ. ಮಾರ್ಚಿ ಬಂದೇ ಬರುತ್ತದೆ. ಆದರೆ ಅಕ್ಟೋಬರಿನಲ್ಲಿ ಅಕ್ಟೋಬರಿನ ಕೆಲಸವನ್ನು ಮಾಡುವುದು ಅವನಿಗೆ ತಿಳಿದಿರುತ್ತದೆ. ಮಗಳು ಹೇಳಬಂದ ಮಾತು ಕೊನೆಯವರೆಗೆ ಕೇಳಿಸುತ್ತದೆ. ಇಷ್ಟು ಲಾಭವು ಚಿಕ್ಕದಲ್ಲ.

ಇಲ್ಲಿ ಕೆಲವರು ಆಕ್ಷೇಪಿಸುವುದುಂಟು: ಅಂಗೈಯಲ್ಲಿ ಲಿಂಗವಿರುವಾಗ ಪರರ ನೆರವೇಕೆ? ಕಳವಳವೆಂದರೆ ಭಕ್ತಿಯ ಕೊರತೆಯಲ್ಲವೇ? ಲಿಂಗವೊಂದೇ ಸಾಕಾಗಿದ್ದರೆ ಅಷ್ಟಾವರಣದಲ್ಲಿ ಗುರುವಿಗೂ ಜಂಗಮಕ್ಕೂ ಸ್ಥಾನವಿರುತ್ತಿರಲಿಲ್ಲ. ತಪ್ಪದೆ ಲಿಂಗಪೂಜೆ ಮಾಡುತ್ತಿದ್ದ ಶರಣರೇ ಒಂದೆಡೆ ಕೂಡಿ ಒಬ್ಬರ ಅನುಭವವನ್ನು ಇನ್ನೊಬ್ಬರ ಮುಂದೆ ಬಿಚ್ಚಿದರು. ಭಂಡಾರದ ದೊಡ್ಡ ಹೊಣೆಯನ್ನು ಹೊತ್ತಿದ್ದ ಬಸವಣ್ಣನವರ ವಚನಗಳಲ್ಲಿ ಮನಸ್ಸಿನ ಚಂಚಲತೆಯ, ಅಂಜಿಕೆಯ, ಅಳಲಿನ ನಿವೇದನೆ ಎಷ್ಟಿದೆಯೆಂಬುದನ್ನು ಓದಿದವರು ಬಲ್ಲರು. ಅವರು ಅದನ್ನು ಮುಚ್ಚಿಡಲಿಲ್ಲ, ನಾಚಿಕೆಯೆಂದೂ ತಿಳಿಯಲಿಲ್ಲ. ಅವರೇ ಹೇಳಿಕೊಂಡ ಮೇಲೆ, ಸಾಮಾನ್ಯ ಗೃಹಸ್ಥನು ತನ್ನ ಭಯವನ್ನು ಹೇಳಿಕೊಂಡರೆ ಭಕ್ತಿಗೆ ಕುಂದು ಬರುವುದೆಂತು?

ಆದರೆ ಈ ನೆರವಿನ ಮೇರೆಯನ್ನೂ ಅರಿತಿರಬೇಕು. ವೈದ್ಯವೃತ್ತಿಗಿರುವಂತಹ ಶಾಸನಬದ್ಧ ನೋಂದಣಿಯು ಭಾರತದಲ್ಲಿ ಕೋಚಿಂಗಿಗೆ ಇಲ್ಲ. ಯಾರು ಬೇಕಾದರೂ ಹೆಸರಿನ ಫಲಕವನ್ನು ತೂಗುಹಾಕಬಹುದು. ಆದುದರಿಂದ ಅವರ ಶಿಕ್ಷಣ, ಅನುಭವ, ನಡತೆಗಳನ್ನು ವಿಚಾರಿಸದೆ ಹಣ ಕೊಡಬಾರದು. ಎರಡೇ ಭೇಟಿಗಳಲ್ಲಿ ಜೀವನವನ್ನೇ ಬದಲಿಸುವೆನೆಂದು ಮಾತು ಕೊಡುವವರಿಂದ ದೂರವಿರುವುದು ಲೇಸು. ಇನ್ನು, ವಾರಗಟ್ಟಲೆ ನಿದ್ದೆ ಬಾರದಿರುವುದು, ಅನ್ನ ಸೇರದಿರುವುದು, ಕಾರಣವಿಲ್ಲದೆ ಅಳು ಬರುವುದು, ಬದುಕೇ ಬೇಡವೆನಿಸುವುದು ಇವು ಮಾರ್ಗದರ್ಶಕನ ಪ್ರಶ್ನೆಗಳಿಂದ ತೀರುವ ಬೇನೆಗಳಲ್ಲ. ಅದಕ್ಕೆ ಮನೋವೈದ್ಯರಿದ್ದಾರೆ. ಕೇಂದ್ರ ಸರ್ಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸೇವೆಗೆ 14416 ಸಂಖ್ಯೆಯ ದೂರವಾಣಿಯಲ್ಲಿ ಹಗಲಿರುಳೂ, ಕನ್ನಡದಲ್ಲಿಯೂ, ಯಾವ ಶುಲ್ಕವಿಲ್ಲದೆ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅದರ ಪ್ರಧಾನ ಕೇಂದ್ರ. ಜ್ವರಕ್ಕೆ ಮದ್ದು ಕುಡಿಯುವ ಭಕ್ತನು ಮನಸ್ಸಿನ ಬೇನೆಗೆ ಮದ್ದು ಕುಡಿಯಲು ಸಂಕೋಚಪಡಬೇಕಾಗಿಲ್ಲ.

ಮತ್ತೊಂದು ಮೇರೆಯಿದೆ. ಎತ್ತಿನ ಮೇಲೆ ಹೇರಿದ ಹೇರೇ ಹೆಚ್ಚಾಗಿದ್ದರೆ, ಎತ್ತಿಗೆ ಸಮಾಧಾನ ಹೇಳುವುದು ಧರ್ಮವಲ್ಲ, ಹೇರನ್ನು ಇಳಿಸುವುದು ಧರ್ಮ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಕೊಟ್ಟ ಸೂಚನೆಗಳೂ ಮೊದಲು ಹೇಳುವುದು ಇದನ್ನೇ: ಕೆಲಸದ ಹೊರೆ, ವೇಳೆ, ಅಧಿಕಾರಿಗಳ ನಡವಳಿಕೆ ಇವುಗಳನ್ನು ತಿದ್ದಬೇಕು, ಮೇಲಧಿಕಾರಿಗಳಿಗೇ ತರಬೇತಿ ಕೊಡಬೇಕು. ಅಂಗಡಿ, ಕಾರ್ಖಾನೆ, ಶಾಲೆಗಳನ್ನು ನಡೆಸುವ ಭಕ್ತರು ಓದುಗರಲ್ಲಿಯೂ ಇದ್ದಾರೆ. ಕೈಕೆಳಗಿನವನನ್ನು ರಾತ್ರಿಯವರೆಗೆ ದುಡಿಸಿ, ಆ ಲಾಭದಿಂದ ನಡೆಸಿದ ದಾಸೋಹವನ್ನು ಲಕ್ಕಮ್ಮನವರು ಒಪ್ಪುತ್ತಿದ್ದರೇ ಎಂಬುದನ್ನು ಅವರು ತಮ್ಮೊಳಗೆ ತಾವೇ ಕೇಳಿಕೊಳ್ಳಬೇಕು. ಎಷ್ಟು ಯತ್ನಿಸಿದರೂ ತಿದ್ದಲಾರದ ಸ್ಥಳವಾದರೆ, ಬೇರೆ ಕಾಯಕವನ್ನು ನೋಡಿಕೊಳ್ಳುವುದೂ ಪಾಪವಲ್ಲ. ಕಲ್ಯಾಣದ ಮಂತ್ರಿಪದವಿಯನ್ನೇ ಬಿಟ್ಟು ಬಸವಣ್ಣನವರು ಕೂಡಲಸಂಗಮಕ್ಕೆ ನಡೆದರು. ಅವರು ಪದವಿಯನ್ನು ಬಿಟ್ಟರೇ ಹೊರತು ಕಾಯಕತತ್ತ್ವವನ್ನು ಬಿಡಲಿಲ್ಲ.

ಹಣ ಕೊಟ್ಟು ಮಾರ್ಗದರ್ಶಕರನ್ನು ಕಾಣುವುದು ಎಲ್ಲರಿಗೂ ಸಾಧ್ಯವಾಗದು. ಮಾರಯ್ಯನವರಿಗೆ ಆ ಎಚ್ಚರವು ದೊರೆತದ್ದು ಸ್ವಂತ ಮನೆಯಲ್ಲಿಯೇ. ಸಂಜೆ ಬಾಗಿಲಿಗೆ ಬಂದ ಗಂಡನನ್ನಾಗಲಿ, ದುಡಿದು ಬಂದ ಹೆಂಡತಿಯನ್ನಾಗಲಿ, ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಮಗನನ್ನಾಗಲಿ, ಸಂಬಳವೆಷ್ಟು, ಬಡ್ತಿ ಯಾವಾಗ ಎಂದು ಕೇಳುವವರು ಬೇಕಾದಷ್ಟು ಮಂದಿ ಇದ್ದಾರೆ. ಇಂದು ಹೊತ್ತು ತಂದದ್ದೇನು ಎಂದು ಕೇಳಿ, ಉತ್ತರ ಬರುವವರೆಗೆ ಸುಮ್ಮನೆ ಕುಳಿತಿರುವವರು ಪ್ರತಿಯೊಂದು ಮನೆಯಲ್ಲಿ ಒಬ್ಬರಾದರೂ ಇರಬೇಕು. ಊಟಕ್ಕೆ ಮುಂಚೆ ಅರ್ಧ ಗಳಿಗೆ ಇದಕ್ಕಾಗಿ ತೆಗೆದಿಡುವುದು ಯಾವ ಗೃಹಸ್ಥನಿಗೂ ಕಷ್ಟವಲ್ಲ. ಹೇಳುವವನು ಮುಚ್ಚಿಡದೆ ಹೇಳಲಿ. ಕೇಳುವವನು ತೀರ್ಪು ಕೊಡದೆ ಕೇಳಲಿ. ದಿನದ ಅಳತೆಯನ್ನು ಮೀರಿ ತಂದುದನ್ನು ಅಲ್ಲಿಯೇ ಸುರಿದು, ಹಗುರಾದ ಕೈಯಿಂದ ಪ್ರಸಾದಕ್ಕೆ ಕುಳಿತುಕೊಳ್ಳಲಿ.